ಗುಳಿ ಬಿದ್ದ ಸೀಟು

ಪ್ರೀತಿಯ ಅಕ್ಕ,

ಈ ಕಾರ್ಡು ಗಿಡ್ಡ, ನಾನು ಸೀಟು ಹೊಲಿಯಲು ಬಂದಿರುವ ಅಮೆರಿಕದ ಹಳೇ ಕಾರು ಬಲು ಉದ್ದ! ನಮ್ಮ ಅಂಗಡಿಯಲ್ಲಿ ನಿಲ್ಲಿಸಿದರೆ ಬಾಲ ಬೀದಿಯಲ್ಲಿರುತ್ತದೆ. ಕಾರ್ಖಾನೆಯಲ್ಲಿ ಬಳಿದ ಹಸಿರು ಬಣ್ಣವೇ ಇನ್ನೂ ಇದೆ, ಬಿಸಿಲಿಗೆ ಮಾಸಿ ಎಷ್ಟು ಚೆಂದ ಕಾಣುತ್ತದೆ ಅಂತೀಯ! ಭಾವನ ಕೈಗೆ ಸಿಕ್ಕಿದ್ದರೆ ಉಜ್ಜಿ, ಹೊಸ ಪೇಂಟು ಹೊಡೆದು ಕೆಡಿಸಿಬಿಡುತ್ತಿದ್ದರು. ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದಂಥ ಸದ್ದು. ಸೀಟಿನ ಬಟ್ಟೆಯೂ ಮೊದಲಿನದೇ. ಹೊಲಿದವನ ಕೈಗೆ ಕೈಮುಗಿಯಬೇಕು, ಒಂದು ಹೊಲಿಗೆಯೂ ಸೊಟ್ಟಗಿಲ್ಲ.

ನನಗೆ ಹೇಳಿದ್ದು ಬಿಚ್ಚಿಹೋದ ಒಂದು ಅಂಚು ಹೊಲಿಯಲು ಮಾತ್ರ. ಡ್ರೈವರ್ ಸೀಟು ಗುಳಿ ಬಿದ್ದದ್ದು ಕಂಡ ಮೇಲೆ ಕೈ ಸುಮ್ಮನಿರಬೇಕಲ್ಲ! ಸಂದಿಯಿಂದ ಹತ್ತಿ ತುರುಕಿ ಉಬ್ಬಿಸಿಬಿಟ್ಟೆ. ಕಾರಿನ ಯಜಮಾನಿ ಬಂದು ಕೂತವರೇ ಎದ್ದುಬಿಟ್ಟರು. ಕೊನೆಗಾಲದವರೆಗೂ ಆ ಕಾರನ್ನು ಓಡಿಸಿದವರು ಅವರ ತಂದೆಯಂತೆ.

"ಅಯ್ಯೋ, ನಮ್ಮಪ್ಪ ಎಲ್ಲಿ ಹೋದ್ರು?" ಎಂದರು.

ಹಾಕಿದ ಹತ್ತಿಯನ್ನೆಲ್ಲ ಕಿತ್ತು ತೆಗೆದೆ. ಅವರು ಮತ್ತೆ ಕೂತು, ಗುಳಿಯೊಳಗೆ ಸರಿದುಕೊಂಡು ಸ್ಟೇರಿಂಗ್ ಹಿಡಿದರು.

"ಹಾಂ, ಬಂದ್ರು" ಎಂದರು.

ಆಮೇಲೆ ಹಳೆಯ ತೂತುಗಳಲ್ಲೇ ಸೂಜಿ ತೂರಿಸಿ ಅಂಚು ಮುಚ್ಚಿದೆ. ಹೊಸ ತೂತು ಒಂದೂ ಮಾಡಲಿಲ್ಲ.

ನೆಗಡಿ ವಾಸಿಯಾಗಿದೆ, ಊಟ ನಿದ್ದೆಗೆ ತೊಂದರೆಯಿಲ್ಲ. ಅಂಚೆಯವನು ಡಬ್ಬಿ ತೆರೆಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಅಪ್ಪ ಕೂರುತ್ತಿದ್ದ ಕುರ್ಚಿ ಕುಸಿದಿದೆ, ದಿಂಬಿಗೆ ಹೊಸ ಹತ್ತಿ ತುಂಬು ಅಂದಿದ್ದೆನಲ್ಲ, ಅದನ್ನು ಮುಟ್ಟಬೇಡ.

ನಿನ್ನ ತಮ್ಮ