ಸಣ್ಣತಾಯಮ್ಮನ ಗಾಜಿನ ಬಳೆ

೬ ಜೂನ್ ೨೦೦೩, ಶುಕ್ರವಾರ, ಅರಸೀಕೆರೆ

ಗಾಜಿನ ಬಳೆ ತೊಟ್ಟವರನ್ನು ಕೊಬ್ಬರಿ ಪುಡಿ ಮಾಡುವ ಸೆಕ್ಷನ್ನಿಗೆ ಬಿಡಬಾರದು. ಬಾಗಿಲಲ್ಲಿ ನಿಂತು ಅದನ್ನು ನೋಡುವುದೇ ಈ ಫ್ಯಾಕ್ಟರಿ ಟ್ರೇನಿಂಗಿನಲ್ಲಿ ನನ್ನ ಡ್ಯೂಟಿ. ಬೆಳಿಗ್ಗೆ ಅಲ್ಲಿ ಕೆಲಸ ಮಾಡುವ ಸಣ್ಣತಾಯಮ್ಮ, ‘ಶುಕ್ರವಾರ ಮುತ್ತೈದೆಗೆ ಬಳೆ ತೆಗಿ ಅಂತೀಯಲ್ಲವ್ವಾ, ಕಾಲೇಜಲ್ಲಿ ಇದ್ನೇ ಹೇಳ್ಕೊಟ್ರಾ?’ ಎಂದಾಗ ಎಲ್ಲರೂ ನಕ್ಕರು. ನಾಚಿಕೆಯಾಗಿ, ಕೈಗೆ ಬಟ್ಟೆ ಸುತ್ತಿಕೊಂಡು ಹೋಗಲು ಬಿಟ್ಟೆ. ರಿಜಿಸ್ಟರಿನಲ್ಲಿ ಓಕೆ ಎಂದು ಬರೆದೆ.

ಸಂಜೆ ಬಟ್ಟೆ ಬಿಚ್ಚಿದರೆ ಒಂದು ಬಳೆ ಒಡೆದಿತ್ತು. ಅರ್ಧ ಚೂರು ಜರಡಿಯಲ್ಲೂ ಸಿಗಲಿಲ್ಲ.

‘ಇಂದ್ರೇಶ್ ಸಾರ್‌ಗೆ ಹೇಳ್ಬೇಡ ಕಣವ್ವಾ, ಕೆಲ್ಸ ಹೋಯ್ತದೆ.’

ಮ್ಯಾನೇಜರಿಗೆ ಹೇಳುವುದಿಲ್ಲ ಎಂದು ತಲೆಯಾಡಿಸಿಬಿಟ್ಟೆ. ನಾಳೆ ಬೆಳಿಗ್ಗೆ ಇವತ್ತಿನ ಚೀಲಗಳೆಲ್ಲ ಬಿಸ್ಕೆಟ್ ಕಂಪನಿಗೆ ಹೋಗುತ್ತವೆ. ಆ ಚೂರು ಯಾವುದಾದರೂ ಮಗುವಿನ ಬಾಯಿಗೆ ಸಿಕ್ಕರೆ?

ಇಲ್ಲ, ಲಾರಿ ಬರುವ ಮೊದಲೇ ಹೇಳುತ್ತೇನೆ. ‘ತಪ್ಪು ನಂದು ಸಾರ್, ನಾನೇ ಒಳಗೆ ಬಿಟ್ಟೆ.’ ಆಮೇಲೆ ಅವರು, ‘ಯಾರನ್ನು?’ ಅಂತ ಕೇಳಿದರೆ ಸಣ್ಣತಾಯಮ್ಮನ ಹೆಸರು…