ಇಂಜಿನ್ ನಿಲ್ಲಿಸಿದವಳು

ಶ್ರೀನಿವಾಸಪುರ
ಕಾರ್ತಿಕ ಮಾಸ, ೧೯೮೬

ಅಪ್ಪಾ,

ಶ್ರೀರಾಮಪ್ಪ ಚಿಕ್ಕಪ್ಪ ನಿನ್ನೆ ಬಂದಿದ್ದರು. ನಿನ್ನ ಬಲಗೈಗೆ ಈಗ ಸ್ಪಾನರ್ ಹಿಡಿಯುವ ಶಕ್ತಿಯೂ ಇಲ್ಲವಂತೆ, ಶೆಡ್ಡಿಗೆ ಬೀಗ ಬಿದ್ದಿದೆಯಂತೆ. ‘ಮುನಿಗಂಗನ್ನ ಬರಕ್ಕೇಳು, ಇನ್ಮೇಲೆ ಕೈ ಮಾಡಲ್ಲ’ ಎಂದು ಅಮ್ಮನಿಗೆ ಹೇಳಿ ಕಳಿಸಿದ್ದೀಯ. ಅಮ್ಮ ಅವರಿಗೆ ಕಾಫಿ ಕೊಟ್ಟಳು. ಲೋಟ ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಅದಕ್ಕೇ ಉತ್ತರ ನಾನು ಬರೆಯುತ್ತಿದ್ದೇನೆ.

ಮುಳಬಾಗಿಲಿನ ರಸ್ತೆ ಬದಿಯ ನಮ್ಮ ಶೆಡ್ಡಿನಲ್ಲಿ ಲಾರಿಗಳ ಡೀಸೆಲ್ ಪಂಪಿನ ಕೆಲಸವೆಂದರೆ ನಿನ್ನದೇ ಹೆಸರು. ಅದರ ಸಣ್ಣ ಕೆಲಸವೆಲ್ಲ ಅಮ್ಮನದು. ಆಕ್ಸಿಲರೇಟರಿನ ಕಡ್ಡಿಯನ್ನು ಪಂಪಿನ ಲಿವರಿಗೆ ಹಿಡಿದಿಡುವ ಕ್ಲಿಪ್ಪು, ಸಣ್ಣ ಪಿನ್ನು, ಉಗುರಿನಷ್ಟು ಸ್ಪ್ರಿಂಗು. ನಿನ್ನ ದಪ್ಪ ಬೆರಳು ತೂರದ ಸಂದಿಗೆ, ಒಲೆ ಮುಂದಿದ್ದವಳನ್ನು ಕೂಗಿ ಕರೆಯುತ್ತಿದ್ದೆ. ಸೆರಗಿಗೆ ಕೈ ಒರೆಸಿಕೊಂಡು ಬಂದು ಬೆರಳಲ್ಲೇ ತಡಕಿ ಕೂಡಿಸುತ್ತಿದ್ದಳು. ಕೂಡಿದರೆ ನಿನ್ನಿಂದ ಒಂದು ಮಾತಿಲ್ಲ. ಕೈ ಜಾರಿ ಬಿದ್ದರೆ ಏಟು. ಅವಳ ಬೆನ್ನಿಗೆ ಯಾವ ಸ್ಪಾನರ್ ಬಿದ್ದಿದೆಯೆಂದು ಕಲೆ ನೋಡಿಯೇ ನಾನು ಹೇಳಬಲ್ಲವಳಾಗಿದ್ದೆ.

ನಿನ್ನ ಮೇಲೆ ನನಗೆ ಪ್ರೀತಿ ಇರಲಿಲ್ಲವೆಂದಲ್ಲ. ನನಗೆ ಚೇಳು ಕಡಿದಾಗ ಯಾರದೋ ಲಾರಿ ಹತ್ತಿಸಿಕೊಂಡು, ಹಾರನ್ ಮೇಲಿನ ಕೈ ತೆಗೆಯದೆ ಕೋಲಾರದ ಆಸ್ಪತ್ರೆಯವರೆಗೆ ಓಡಿಸಿದವನು ನೀನೇ. ಆ ಪ್ರೀತಿಯೇ ನನ್ನನ್ನು ಅಷ್ಟು ವರ್ಷ ಸುಮ್ಮನಿರಿಸಿತು.

ಎಪ್ಪತ್ತೊಂಬತ್ತರ ಆ ಮಧ್ಯಾಹ್ನ ಬೈರಕೂರಿನ ಮುನಿರಾಮಪ್ಪ ಮಾವಿನ ಲೋಡು ಹೊತ್ತ ಲಾರಿ ತಂದು ನಿಲ್ಲಿಸಿದ್ದ. ಅಮ್ಮ ಕ್ಲಿಪ್ಪು ಹಾಕುತ್ತಿದ್ದಳು. ಅದು ಚಿಮ್ಮಿ ಇಂಜಿನ್ನಿನ ಕೆಳಗೆಲ್ಲೋ ಬಿತ್ತು. ‘ಏಮೇ, ಕಣ್ಣೇನು ಇಂಗೋಗಿತ್ತಾ?’ ಎಂದು ನೀನು ಜುಟ್ಟು ಹಿಡಿದು ಅವಳ ಹಣೆಯನ್ನು ಮಡ್‌ಗಾರ್ಡಿಗೆ ಅಪ್ಪಳಿಸಿದೆ. ಒಂದು ಸಲವಲ್ಲ, ರಕ್ತ ಕಾಣುವವರೆಗೆ. ಮುನಿರಾಮಪ್ಪ ಬೀಡಿ ಹಚ್ಚಿಕೊಂಡು ರಸ್ತೆ ಕಡೆ ತಿರುಗಿ ನಿಂತ.

ಆಮೇಲೆ ಸಿಟ್ಟಿನಲ್ಲೇ, ಕ್ಲಿಪ್ಪಿಲ್ಲದ ಕಡ್ಡಿಯನ್ನು ಸುಮ್ಮನೆ ಸಿಕ್ಕಿಸಿ, ‘ಇಂಜಿನ್ ಹಾಕೋ’ ಎಂದೆ. ಅವನು ಕ್ಯಾಬಿನ್ ಹತ್ತಿ ಹಾಕಿದ. ಕಡ್ಡಿ ಕಳಚಿ ಲಿವರ್ ಪೂರ್ತಿ ತೆರೆದು ಸಿಕ್ಕಿಕೊಂಡಿತು. ಇಂಜಿನ್ ಹುಚ್ಚು ಹಿಡಿದಂತೆ ಅರಚಿತು, ಶೆಡ್ಡಿನ ತಗಡೆಲ್ಲ ನಡುಗಿತು. ಒಳಗಿಂದ ಅವನು ನಿಲ್ಲಿಸುವ ಗುಂಡಿ ಎಳೆದ. ಅದರ ಕೇಬಲ್ಲನ್ನು ನೀನಿನ್ನೂ ಪಂಪಿಗೆ ಕಟ್ಟಿಯೇ ಇರಲಿಲ್ಲ. ಕೈಯಿಂದಲೇ ನಿಲ್ಲಿಸಲು ನೀನು ಬಗ್ಗಿದೆ. ಕೊರಳಿನ ಟವಲ್ಲು ಫ್ಯಾನ್ ಬೆಲ್ಟಿಗೆ ಸಿಕ್ಕಿತು.

ನಿನ್ನ ಮುಖ ಫ್ಯಾನಿನ ಹತ್ತಿರ ಹತ್ತಿರ ಹೋಗುತ್ತಿತ್ತು, ಅಪ್ಪಾ. ನೀನು ಎರಡೂ ಕೈಯಿಂದ ರೇಡಿಯೇಟರ್ ಒತ್ತಿ ಹಿಡಿದಿದ್ದೆ, ನಾಲಿಗೆ ಹೊರಗೆ ಬಂದಿತ್ತು. ನಾನು ಮರದಂತೆ ನಿಂತಿದ್ದೆ. ಅಮ್ಮ ಕಣ್ಣಿಗಿಳಿದ ರಕ್ತ ಒರೆಸಿಕೊಳ್ಳದೆ ನಿನ್ನ ಕಂಕುಳ ಕೆಳಗಿಂದ ಕೈ ತೂರಿಸಿ, ಪಂಪಿನ ಬದಿಯ ಸ್ಟಾಪ್ ಲಿವರ್ ಹಿಡಿದೆಳೆದಳು. ಬಿಸಿ ಕಬ್ಬಿಣಕ್ಕೆ ತಾಗಿ ತೋಳು ಚುರುಗುಟ್ಟಿದರೂ ಬಿಡಲಿಲ್ಲ. ಇಂಜಿನ್ ಕೆಮ್ಮಿ ಕೆಮ್ಮಿ ಸತ್ತಿತು.

ನೀನು ಬಿದ್ದೆ. ಕೊರಳಿನ ಚರ್ಮ ಸುಲಿದಿತ್ತು. ಉಸಿರು ತಿರುಗಿದೊಡನೆ ಎದ್ದು ಬಂದು ಅವಳ ಕೆನ್ನೆಗೆ ಬಾರಿಸಿದೆ. ‘ಇಷ್ಟೊತ್ತಾ ಏನೇ, ನಾನು ಸಾಯ್ಲಿ ಅಂತ ಕಾಯ್ತಿದ್ಯಾ?’

ಚಕ್ರ ಬಿಚ್ಚುವ ಸ್ಪಾನರ್ ನನ್ನ ಕೈಗೆ ಹೇಗೆ ಬಂತೋ ತಿಳಿಯದು. ನಿನ್ನ ಬಲಗೈ ಮೇಲೆ ಬೀಸಿದೆ. ಮೂಳೆ ಮುರಿದ ಸದ್ದು ಕೇಳಿತು. ನೀನು ಮಂಡಿಯೂರಿದಾಗ ತಲೆಗೆಂದು ಇನ್ನೊಮ್ಮೆ ಎತ್ತಿದೆ. ಅಮ್ಮ ನನ್ನ ಮಣಿಕಟ್ಟು ಹಿಡಿದಳು. ‘ಸಾಕು ಬಿಡೇ. ನಡಿ.’

ಕಾಲಿಗೆ ಚಪ್ಪಲಿಯೂ ಇಲ್ಲದೆ ಬಸ್ಸು ಹತ್ತಿದೆವು. ದಾರಿಯಲ್ಲಿ ಕೇಳಿದೆ, ಯಾಕಮ್ಮ ಉಳಿಸಿದೆ ಎಂದು. ಕಿಟಕಿ ನೋಡುತ್ತ ಹೇಳಿದಳು: ‘ಆ ಜಾಗ ನನ್ನ ಕೈಗೆ ಗೊತ್ತಿತ್ತು ಕಣೇ. ಅದು ತಾನಾಗೇ ಹೋಯ್ತು. ನಾನು ಕಳಿಸ್ಲಿಲ್ಲ.’

ಇಲ್ಲಿ ಅಮ್ಮ ತನ್ನ ತಂಗಿಯ ಹಿತ್ತಿಲಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾಳೆ, ರೇಷ್ಮೆ ಹುಳ ಸಾಕುತ್ತಾಳೆ. ಮೊದಮೊದಲು ಯಾರಾದರೂ ಪಾತ್ರೆ ಬೀಳಿಸಿದರೆ ತಲೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಈಗ ಹಿಡಿಯುವುದಿಲ್ಲ. ಅದಕ್ಕೆ ವರ್ಷಗಳೇ ಬೇಕಾದವು. ನಿನ್ನ ಕೈಮೂಳೆ ಕೂಡದೇ ಹೋದದ್ದಕ್ಕೆ ನಾನು ಅತ್ತಿಲ್ಲ, ಅಳುವುದೂ ಇಲ್ಲ. ನೀನು ಅವಳನ್ನು ಕರೆಯಲು ಈ ಮನೆ ಬಾಗಿಲಿಗೆ ಬಂದರೆ, ಅಂದು ಅಮ್ಮ ತಡೆದದ್ದನ್ನು ನಾನು ಮುಗಿಸುತ್ತೇನೆ.

ಇಷ್ಟು ಬರೆಯುವ ಹೊತ್ತಿಗೆ ಅಮ್ಮ ಬಂದು ಪಕ್ಕದಲ್ಲಿ ಕೂತಳು. ನಿನಗೆ ಹೇಳುವುದೇನಾದರೂ ಇದೆಯೇ ಎಂದು ಅವಳನ್ನು ಕೇಳಿದೆ. ಕೈಗಂಟಿದ ಸೊಪ್ಪಿನ ಚೂರು ಒರೆಸಿಕೊಂಡು ಹೇಳಿದಳು: ‘ಚೆನ್ನಾಗಿದೀನಿ ಅಂತ ಬರಿ. ಬರಲ್ಲ ಅಂತ ಬರಿ. ಸಿಟ್ಟಿಂದ ಅಲ್ಲ, ಇಲ್ಲಿ ನಿದ್ದೆ ಬರ್ತೈತೆ, ಅದಕ್ಕೆ ಅಂತ ಬರಿ.’

ಬರೆದಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ನೋಡಿಕೊಳ್ಳಲಿ, ನಾವು ಬರುವುದಿಲ್ಲ.

ನಿನ್ನ ಮಗಳು,
ಶ್ಯಾಮಲ