ಚಾವಡಿಯ ಗಿಡ್ಡ ಬಾಗಿಲು

ಕುಕ್ಕುಂದೂರು, 18 ಜನವರಿ 2003, ಶನಿವಾರ

ಇಂದೂ ನಮ್ಮವರ ಹಣೆ ಚಾವಡಿಯ ಬಾಗಿಲಿಗೆ ಬಡಿದು ಬುಗುಟು ಎದ್ದಿತು. "ತಲೆ ತಗ್ಗಲಿ ಎಂದೇ ಹಿರಿಯರು ಇಟ್ಟ ಬಾಗಿಲು" ಎಂಬುದು ಮಾವನವರ ಹಳೆಯ ಪಾಠ. ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದ ಮೇಲಂತೂ ದಾರಂದದ ಚೌಕಟ್ಟನ್ನು ಮುಟ್ಟುವ ಹಾಗೇ ಇಲ್ಲ. ಏನಾದರಾಗಲಿ, ಕದ್ದು ನಾಲ್ಕು ಅಂಗುಲ ಕೊಯ್ಯಿಸಿಬಿಡೋಣವೆಂದು, ಹಿತ್ತಲಲ್ಲಿ ಕುಸಿದ ಭತ್ತದ ಕೊಟ್ಟಿಗೆಯನ್ನು ಕಟ್ಟುತ್ತಿದ್ದ ಗದಗದ ಮೇಸ್ತ್ರಿ ಚಂದಪ್ಪನನ್ನು ಕರೆದೆ.

ಅವನು ನೋಡಿದ್ದು ಬಾಗಿಲನ್ನಲ್ಲ, ನೆಲವನ್ನು.

"ಅಕ್ಕಾರ, ಆ ಕೊಟಗಿ ಬಾಗಿಲಾ ಇದರ ಜೋಡೀನ ಐತ್ರಿ, ಅಳತೀನೂ ಅಷ್ಟ. ಅಲ್ಲೆ ನಾ ನೆಟ್ಟಗ ಹೊಕ್ಕೀನಿ. ಇಲ್ಲೆ ಬಾಗಿಲಾ ಗಿಡ್ಡಿಲ್ಲ, ನೆಲಾ ಎತ್ತರಾಗೇತಿ."

ಸಿಮೆಂಟು ಒಡೆದರೆ, ಒಂದಡಿ ಕೆಳಗೆ ಹಳೆಯ ಹೊಸ್ತಿಲು! ನಮ್ಮವರು ನೆಟ್ಟಗೆ ದಾಟಿದರು, ತಿರುಗಿ ಬಂದರು, ಮತ್ತೆ ದಾಟಿದರು. ಆರಡಿ ಆಳು, ಮಗುವಿನ ಹಾಗೆ.

"ಅಪ್ಪಾ, ಈ ಸಿಮೆಂಟು ಹಾಕಿಸಿದ್ದು ಯಾರು?"

ಮಾವ ಪೇಪರಿನಿಂದ ಮುಖ ಎತ್ತಲಿಲ್ಲ.

"ನಾನೇ. ನೀನು ತೊಟ್ಟಿಲಲ್ಲಿ ಇರುವಾಗ. ಮತ್ತೆ ನೀವೆಲ್ಲ ಬಗ್ಗಿ ಬಗ್ಗಿ ಬರುವುದು ನೋಡಲಿಕ್ಕೆ ಚಂದ ಇತ್ತು ಮಾರಾಯ, ಹೇಳಲಿಲ್ಲ."